ಕಲ್ಯಾಣ ಸ್ಟೇಷನ್ನಿಗೆ ಕರೆಯಲು ಹೋಗುವ ಅಪ್ಪ

ನಮ್ಮ ಕಡೆಯಿಂದ ಮುಂಬಯಿಗೆ ಬರುವ ರೈಲುಗಳು ಸೋಲಾಪುರ, ಪುಣೆ ದಾಟಿ, ಘಟ್ಟ ಇಳಿದು ಕಲ್ಯಾಣಕ್ಕೆ ಬರುತ್ತವೆ. ಟಿಕೆಟ್ಟಿನ ಮೇಲೆ ಮುಂಬಯಿ ಅಂತಲೇ ಇದ್ದರೂ ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಕೂಲಿಯವರಿಗೆ ಮುಂಬಯಿ ಎಂದರೆ ಮೊದಲು ಕಲ್ಯಾಣ. ಅಲ್ಲಿ ಇಳಿಯಬೇಕು, ಲೋಕಲ್ ಹಿಡಿದು ಡೋಂಬಿವಲಿಗೋ ದಿವಾಕ್ಕೋ ಕಳವಾಕ್ಕೋ ಹೋಗಬೇಕು. ಗಂಟು ಹೊತ್ತು ಇಳಿದವನಿಗೆ ಆ ಸೇತುವೆಯ ಮೇಲೆ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂಬುದೇ ಈ ಊರು ಇಡುವ ಮೊದಲ ಪರೀಕ್ಷೆ. ನನ್ನ ಅಪ್ಪ ತನ್ನ ಆಯುಷ್ಯದಲ್ಲಿ ಎಷ್ಟೋ ಮಂದಿಯನ್ನು ಆ ಪರೀಕ್ಷೆಯಲ್ಲಿ ಪಾಸು ಮಾಡಿಸಿದವನು.

ಅಪ್ಪ ಗಿಲಾವಿನ ಕೆಲಸಗಾರ. ಠಾಣೆಯಿಂದ ವಾಶಿಯವರೆಗೆ ಎದ್ದ ಕಟ್ಟಡಗಳ ಗೋಡೆಗೆ ಸಿಮೆಂಟು ಬಳಿದು ನುಣುಪು ಮಾಡಿದ ಕೈ ಅವನದು. ಓದು ಬರಹ ಇಲ್ಲ. ಆದರೆ ಊರ ಕಡೆಯವರು ಅವನನ್ನು ಗುರುತಿಸುತ್ತಿದ್ದದ್ದು ಗಿಲಾವಿನಿಂದಲ್ಲ, ‘ಕರ್ಯಾಕ ಬರಾಂವ’ ಅಂತ. ಊರಿನಿಂದ ಯಾರೇ ಹೊರಟರೂ ಅಲ್ಲಿನ ಅಂಗಡಿಯ ಫೋನಿನಿಂದ, ನಾವಿದ್ದ ಕಳವಾದಲ್ಲಿನ ಅಂಗಡಿಯ ಫೋನಿಗೆ ಸುದ್ದಿ ಬರುತ್ತಿತ್ತು: ನಾಳೆ ಬೆಳಗಿನ ಗಾಡಿಗೆ ಇಂಥವರು ಬರುತ್ತಾರೆ. ಅಪ್ಪ ಕೆಲಸಕ್ಕೆ ಹೋಗುವ ಮೊದಲು ಕಲ್ಯಾಣಕ್ಕೆ ಹೋಗಿ ಅವರನ್ನು ಕರೆದುಕೊಂಡು ಬಂದು ನಮ್ಮ ಖೋಲಿಯಲ್ಲಿ ಕೂರಿಸಿ, ಚಹಾ ಕುಡಿಸಿ, ಕೂಲಿಯವರು ಸೇರುವ ನಾಕಾದಲ್ಲಿ ಎಲ್ಲಿ ನಿಂತರೆ ಕೆಲಸ ಸಿಗುತ್ತದೆ ಎಂದು ತೋರಿಸಿ, ಆಮೇಲೆ ತನ್ನ ಕೆಲಸಕ್ಕೆ ಓಡುತ್ತಿದ್ದ.

ಯಾಕೆ ಇದೆಲ್ಲ ಎಂದು ಅವ್ವ ಕೇಳಿದರೆ ಒಂದೇ ಉತ್ತರ. “ನಾ ಬಂದಾಗ ಯಾರೂ ಬಂದಿರಲಿಲ್ಲ.”

ಅದು ನಿಜ. ಅವನು ಬಂದ ದಿನ ಕರೆಯಲು ಬರುತ್ತೇನೆ ಎಂದವನು ಬರಲಿಲ್ಲ. ಅಪ್ಪ ಇಡೀ ಹಗಲು ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ಕೂತಿದ್ದನಂತೆ, ಎದ್ದರೆ ಕರೆಯಲು ಬಂದವನಿಗೆ ಕಾಣದೆ ಹೋದೇನು ಎಂಬ ಹೆದರಿಕೆಯಿಂದ ನೀರು ಕುಡಿಯಲೂ ಏಳದೆ.

ಹೀಗಾಗಿ ಕಳವಾದಲ್ಲಿದ್ದ ನಮ್ಮ ಖೋಲಿ ಯಾವತ್ತೂ ಖಾಲಿ ಇದ್ದದ್ದು ನನಗೆ ನೆನಪಿಲ್ಲ. ಗುಡ್ಡದ ಬದಿಗೆ ಹತ್ತಿಕೊಂಡಿದ್ದ ಒಂದೇ ಖೋಲಿ. ರೈಲು ಹೋದಾಗ ಗೋಡೆಯ ಹಲಗೆಯ ಮೇಲಿನ ಡಬ್ಬಿಗಳು ತಾಳ ಹಾಕುತ್ತಿದ್ದವು. ಸುದ್ದಿ ಬಂದವರನ್ನಷ್ಟೇ ಅಲ್ಲ, ಸುದ್ದಿ ಬಾರದವರನ್ನೂ ಅಪ್ಪ ಕರೆತರುತ್ತಿದ್ದ. ಪ್ಲಾಟ್‌ಫಾರ್ಮಿನಲ್ಲಿ ಗೊಂದಲಗೊಂಡು ನಿಂತವನ ರುಮಾಲು ಸುತ್ತಿದ ಬಗೆ, ಹೆಗಲ ಮೇಲಿನ ಗಂಟು ನೋಡಿ “ಯಾವ ಊರು?” ಎಂದು ಕನ್ನಡದಲ್ಲಿ ಕೇಳುವುದು. ಅವನ ಮುಖ ಅರಳಿದರೆ ಮುಗಿಯಿತು. ಸಂಜೆಗೆ ಅವನ ಬಾಯಲ್ಲಿ ನಮ್ಮ ಅವ್ವ ಅತ್ತಿಗೆಯಾಗಿರುತ್ತಿದ್ದಳು.

ನಾನು ಓದಿದ್ದು ಆ ಖೋಲಿಯಲ್ಲಿ, ಮಲಗಿದವರ ಕಾಲುಗಳ ನಡುವೆ. ನಮ್ಮ ಮನೆತನದಲ್ಲಿ ಪದವಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಏಳನೆಯವರೆಗೆ ಕನ್ನಡ ಶಾಲೆ, ಅದರಾಚೆ ಕನ್ನಡ ಇರಲಿಲ್ಲ, ಹಾಗಾಗಿ ಮರಾಠಿ. ಕಾಲೇಜು ಇಂಗ್ಲಿಷಿನಲ್ಲಿ, ಹಗಲು ಉಲ್ಹಾಸನಗರದ ಬಟ್ಟೆ ಅಂಗಡಿಯಲ್ಲಿ ಕೆಲಸ, ಸಂಜೆ ತರಗತಿ. ಬಿ.ಕಾಂ. ಕೊನೆಯ ಪರೀಕ್ಷೆಯ ಹಿಂದಿನ ದಿನವೂ ಅಪ್ಪ ರಾಯಚೂರು ಕಡೆಯ ಗಂಡ ಹೆಂಡತಿಯನ್ನು ಕರೆತಂದಿದ್ದ. ನಾನು ಪುಸ್ತಕ ಎತ್ತಿ ಸಿಟ್ಟಿನಿಂದ ನೋಡಿದೆ. ಆ ಹೆಂಗಸು ತನ್ನ ಬುತ್ತಿಯ ಗಂಟು ಬಿಚ್ಚಿ ಶೇಂಗಾ ಹೋಳಿಗೆ ಕೊಟ್ಟು, “ಓದವ್ವಾ, ನಾವ್ ಉಸಿರ ಸುದ್ದಾ ಬಿಡೂದಿಲ್ಲ” ಎಂದಳು. ಅವಳ ಗಂಡ ನಿದ್ದೆಯಲ್ಲಿ ಗೊರಕೆ ಹೊಡೆದಾಗಲೆಲ್ಲ ಅವನ ಮೂಗು ಹಿಡಿಯುತ್ತಿದ್ದಳು. ಆ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕ ಬಂತು.

ಈಗ ನಾವು ಡೋಂಬಿವಲಿ ಪೂರ್ವದಲ್ಲಿದ್ದೇವೆ. ನನ್ನ ಕೆಲಸ ನವಿ ಮುಂಬಯಿಯ ಒಂದು ಕಚೇರಿಯ ಲೆಕ್ಕ ವಿಭಾಗದಲ್ಲಿ. ಗಂಡನ ಕೆಲಸ ಪುಣೆಯಲ್ಲಿ, ಶನಿವಾರ ಬರುತ್ತಾರೆ. ಮನೆಯಲ್ಲಿ ಅಪ್ಪ, ಅವ್ವ, ನಾನು, ಕಾಲೇಜಿಗೆ ಹೋಗುವ ಮಗಳು. ಅಪ್ಪ ಕನ್ನಡದಲ್ಲಿ ಕೇಳುತ್ತಾನೆ, ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಇಬ್ಬರಿಗೂ ಅದರಲ್ಲಿ ಏನೂ ಕೊರತೆ ಕಂಡಿಲ್ಲ. ಕರೆಯಲು ಹೋಗುವ ಕೆಲಸ ಮಾತ್ರ ಕಡಿಮೆಯಾಯಿತು. ಈಗ ಬರುವವರ ಕೈಯಲ್ಲಿ ಫೋನು, ಫೋನಿನಲ್ಲಿ ನಕ್ಷೆ. ಆದರೂ ಬಳಗದ ಹಿರಿಯರು ಯಾರಾದರೂ ಬಂದರೆ ಅಪ್ಪ ಹೋಗುತ್ತಿದ್ದ. ಹಿಂದಿನ ಸಂಜೆಯೇ ಧೋತರ ಮಡಚಿ ಇಟ್ಟು, ಬೆಳಿಗ್ಗೆ ಗಡ್ಡ ಕೆರೆದುಕೊಂಡು ಹೊರಡುವುದು ಅವನಿಗೆ ಹಬ್ಬ.

ಹಾಗೆ ಹೋದವರ್ಷ ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ ಬರುವವನಿದ್ದ. ವರ್ಷಕ್ಕೊಮ್ಮೆ ಬರುವ ಮನುಷ್ಯ. ಅಪ್ಪ ಬೆಳಿಗ್ಗೆ ಹೋದ, ಮಧ್ಯಾಹ್ನದ ಹೊತ್ತಿಗೆ ಬಂದ. ಭಾನುವಾರ, ನಾನು ಮನೆಯಲ್ಲೇ ಇದ್ದೆ. ಬಾಗಿಲು ತೆರೆದರೆ ಅಪ್ಪನ ಹಿಂದೆ ಬಿಳಿ ಧೋತರ, ಹಳದಿ ರುಮಾಲಿನ ಒಬ್ಬ ಮುದುಕ. ಅವ್ವ ಒಳಗಿನಿಂದ “ಬಂದ್ಯಾ ತಮ್ಮಾ?” ಎನ್ನುತ್ತ ನೀರಿನ ತಂಬಿಗೆ ಹಿಡಿದು ಬಂದವಳು ಹಾಗೇ ನಿಂತಳು. ಅವನು ಮಾವ ಅಲ್ಲ.

ನಮ್ಮಲ್ಲಿ ಬಾಗಿಲಿಗೆ ಬಂದವನಿಗೆ ನೀರು ಕೊಡುವ ಮೊದಲು ನೀನು ಯಾರು ಎಂದು ಕೇಳುವುದಿಲ್ಲ. ಅವ್ವ ನೀರು ಕೊಟ್ಟಳು. ಅವನು ಕುಡಿದ. ಅಪ್ಪ ಅವನ ಗಂಟು ಇಳಿಸಿಕೊಂಡು ಫ್ಯಾನ್ ಹಾಕಿದ. ಅವನು ಊಟಕ್ಕೆ ಕೂತು ಎರಡನೆಯ ರೊಟ್ಟಿಗೆ ಕೈ ಹಾಕಿದ ಮೇಲೆ ಅವ್ವ ಮೆಲ್ಲಗೆ ಕೇಳಿದಳು, “ಯಾವ ಊರಾತ್ರೀ ನಿಮ್ಮದು?”

“ರಾಯಚೂರ ಕಡೀಂವ ತಾಯಿ. ಉಲ್ಹಾಸನಗರದಾಗ ಮಗ ಅದಾನ. ಇವರ ಕಡಿಂದ ಕರ್ಯಾಕ ಕಳಿಸ್ಯಾನ, ಛಲೋ ಮಂದಿ ಅದೀರಿ ನೀವು. ಮಗ ಎಲ್ಲಿ, ಇನ್ನೂ ಬಂದಿಲ್ಲೇನು?”

ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಕಲ್ಯಾಣದಿಂದ ಮಾವ. “ಏ, ನಿಮ್ಮಪ್ಪ ಎಲ್ಲಿ ಹ್ವಾದ? ನಾನು ನಿಂತು ನಿಂತು ಸ್ಟೇಷನ್ ಮಾಸ್ತರ ಆಗೀನಿ ಇಲ್ಲಿ!”

ಮಾವನನ್ನು ನಾನೇ ಹೋಗಿ ಕರೆತಂದೆ. ಮುದುಕನ ಮಗನಿಗೆ ಫೋನು ಹಚ್ಚಿದೆವು. ಅವನು ಪ್ಲಾಟ್‌ಫಾರ್ಮಿನಲ್ಲಿ ತನ್ನ ಅಪ್ಪನನ್ನು ಹುಡುಕಿ ಹುಡುಕಿ ಪೊಲೀಸರ ಹತ್ತಿರ ಹೋಗುವುದರಲ್ಲಿದ್ದ. ಸಂಜೆ ಅವನು ನಮ್ಮ ಮನೆಗೆ ಬಂದ. ಎಲ್ಲರೂ ಕೂತು ನಕ್ಕಿದ್ದೇ ನಕ್ಕಿದ್ದು. ಮಾವ ಅಪ್ಪನಿಗೆ, “ಮಾಮಾ, ನನಕಿಂತ ಛಂದಾಂವ ಸಿಕ್ಕ ಅಂತ ಬದಲಿ ಮಾಡಿದ್ಯಾ?” ಎಂದು ಛೇಡಿಸಿದ. ಅಪ್ಪನೂ ನಕ್ಕ. ಆಮೇಲೆ ಎಷ್ಟೋ ವಾರ ಬಳಗದಲ್ಲಿ ಅದೇ ಕತೆ. ನಮಗದು ಅಪ್ಪನ ದೊಡ್ಡತನದ ಇನ್ನೊಂದು ಕತೆ. ಜೀವನವಿಡೀ ಅಪರಿಚಿತರನ್ನು ಮನೆಗೆ ಕರೆತಂದವನು ಇನ್ನೊಬ್ಬ ಅಪರಿಚಿತನನ್ನು ತಂದರೆ ಯಾರಿಗೆ ಸಂಶಯ ಬರುತ್ತದೆ?

ಅವ್ವ ಮಾತ್ರ ನಗಲಿಲ್ಲ. ಒಂದು ದಿನ ಸೊಪ್ಪು ಸೋಸುತ್ತ ನನಗೆ ಹೇಳಿದಳು, “ನಿಮ್ಮಪ್ಪ ಮಂದೀನ ಕರ್ಕೊಂಡ ಬರೂದು ಬ್ಯಾರೆ. ನನ್ನ ತಮ್ಮ ಅಂತ ಕರ್ಕೊಂಡ ಬಂದದ್ದು ಬ್ಯಾರೆ.”

ಆ ಮಾತು ಕೇಳಿದ ಮೇಲೆ ಬೇರೆಯವೂ ಕಣ್ಣಿಗೆ ಬೀಳತೊಡಗಿದವು. ಚಹಾ ಕುಡಿದ ಲೋಟ ಮುಂದಿರುವಾಗಲೇ ಚಹಾ ಆಯಿತೇನು ಎಂದು ಕೇಳುತ್ತಿದ್ದ. ಬೆಳಿಗ್ಗೆ ಹೇಳಿದ ಸುದ್ದಿಯನ್ನು ಸಂಜೆ ಹೊಸದಾಗಿ ಕೇಳಿ ಆಶ್ಚರ್ಯಪಡುತ್ತಿದ್ದ. ಆದರೆ ಬಾಜಾರಿಗೆ ಹೋಗಿ ಚೌಕಾಶಿ ಮಾಡಿ ಕಾಯಿಪಲ್ಯ ತರುತ್ತಿದ್ದ, ಗ್ಯಾಸು ಆರಿಸುತ್ತಿದ್ದ, ನನ್ನ ಮಗಳಿಗೆ ಹಳೆಯ ಕಟ್ಟಡಗಳ ಕತೆ ಒಂದಿಂಚೂ ಬಿಡದೆ ಹೇಳುತ್ತಿದ್ದ. ವಯಸ್ಸು ಎಂದು ನಾನು ಅಂದೆ. ವಯಸ್ಸಲ್ಲ ಎಂದು ಅವ್ವ ಅಂದಳು. ಮಗಳು ಫೋನಿನಲ್ಲಿ ಏನೇನೋ ಓದಿ ಅಳುಮುಖ ಮಾಡಿದಳು.

ಅಷ್ಟರಲ್ಲಿ ಊರಿನಿಂದ ಸುದ್ದಿ ಬಂತು. ಅಪ್ಪನ ಅಕ್ಕ, ನನ್ನ ಅತ್ತೆ, ಕಣ್ಣಿನ ಪೊರೆಯ ಆಪರೇಷನ್ನಿಗೆ ಬರುತ್ತಾಳೆ. ಪಕ್ಕದ ಊರಿನವರು ಯಾರೋ ಪುಣೆಯವರೆಗೆ ಜೊತೆಗಿರುತ್ತಾರೆ, ಅಲ್ಲಿಂದ ಮುಂದೆ ಒಬ್ಬಳೇ. ಅವಳ ಕಣ್ಣಿಗೆ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಫೋನು ಹಚ್ಚಲು ಬರುವುದಿಲ್ಲ. ಫೋನಿನಲ್ಲಿ ಅಪ್ಪ ಅವಳಿಗೆ ಮಾತು ಕೊಟ್ಟುಬಿಟ್ಟ: “ಅಕ್ಕಾ, ನೀ ಇಳದಲ್ಲೇ ನಿಂದ್ರು. ನಾನಽ ಬರ್ತೀನಿ.”

ಅವ್ವ ನನ್ನ ಮುಖ ನೋಡಿದಳು. ಅಪ್ಪ ಕಲ್ಯಾಣದಲ್ಲಿ ಮತ್ತೆ ಎಡವಿದರೆ ಕಣ್ಣು ಕಾಣದ ಮುದುಕಿ ಆ ಜನಜಂಗುಳಿಯಲ್ಲಿ ಒಬ್ಬಳೇ ನಿಲ್ಲುತ್ತಾಳೆ. ಬೇಡ, ನೀನು ಹೋಗಬೇಡ ಎಂದರೆ ಅಪ್ಪನಿಂದ ನಾವು ಏನನ್ನು ಕಿತ್ತುಕೊಳ್ಳುತ್ತೇವೆ ಎಂಬುದೂ ನಮ್ಮಿಬ್ಬರಿಗೂ ಗೊತ್ತಿತ್ತು. ಆ ದಿನ ಬರುವುದರೊಳಗೆ ಒಂದು ತೀರ್ಮಾನ ಬೇಕಾಗಿತ್ತು. ಡಾಕ್ಟರಿಗೆ ತೋರಿಸೋಣ ಎಂದೆ.

“ನಾ ಏನು ಹುಚ್ಚೇನು?” ಅಪ್ಪ ಕೇಳಿದ.

“ಹುಚ್ಚರಿಗಲ್ಲ, ಮರೆವಿಗೆ.”

“ಮರೆವಿಗೆ ಡಾಕ್ಟರ್ ಯಾಕ? ನಿಮ್ಮವ್ವ ಅದಾಳಲ್ಲ, ಮದವಿ ದಿನದಿಂದ ಹಿಡದ ಎಲ್ಲಾ ನೆನಪ ಮಾಡಿಕೊಡ್ತಾಳ.”

ಆದರೂ ಬಂದ. ಠಾಣೆಯ ಒಂದು ಆಸ್ಪತ್ರೆ. ನೆನಪಿನ ತೊಂದರೆಗೆಂದೇ ವಾರದಲ್ಲಿ ಒಂದು ದಿನ ನೋಡುತ್ತಾರೆ. ಬೆಂಚಿನ ತುಂಬ ನಮ್ಮಂಥವರೇ, ಒಬ್ಬ ಹಿರಿಯರು, ಅವರ ಜೊತೆಗೊಬ್ಬ ಮಗ ಅಥವಾ ಸೊಸೆ. ಹಿರಿಯರು ಆರಾಮಾಗಿ ಕೂತಿದ್ದರು. ಜೊತೆಗೆ ಬಂದವರೇ ಉಗುರು ಕಚ್ಚುತ್ತಿದ್ದರು.

ಡಾಕ್ಟರು ನನ್ನ ವಯಸ್ಸಿನ ಮರಾಠಿ ಹೆಂಗಸು. ಅಪ್ಪನಿಗೆ ಕೆಲಸದ ಮರಾಠಿ ಚೆನ್ನಾಗಿ ಬರುತ್ತದೆ, ಆದರೂ ಮನೆಮಾತಿನಲ್ಲೇ ಕೇಳಿ ಎಂದು ಅವರು ನನಗೆ ಹೇಳಿದರು. ಅವರು ಪ್ರಶ್ನೆ ಹೇಳಬೇಕು, ನಾನು ಕನ್ನಡದಲ್ಲಿ ಕೇಳಬೇಕು, ಉತ್ತರವನ್ನು ಮರಾಠಿಗೆ ತರಬೇಕು. ಮೊದಲನೆಯ ಪ್ರಶ್ನೆ, ಇವತ್ತು ಯಾವ ವಾರ.

ನಾನು ಕೇಳಿದೆ: “ಅಪ್ಪಾ, ನಿನ್ನೆ ರವಿವಾರ ಇತ್ತಲ್ಲ, ಅಂದ್ರ ಇವತ್ತು ಯಾವ ವಾರ?”

ಡಾಕ್ಟರು ಪೆನ್ನು ಕೆಳಗಿಟ್ಟರು. “ತಾಈ, ರವಿವಾರ ಮಲಾ ಪಣ ಸಮಜತೋ.” ರವಿವಾರ ಅಂದರೆ ನನಗೂ ತಿಳಿಯುತ್ತದೆ ಎಂದು ನಕ್ಕರು. ನನಗೆ ಕಾಪಿ ಹೊಡೆಯುವಾಗ ಸಿಕ್ಕಿಬಿದ್ದಂತಾಯಿತು. ಕಷ್ಟಪಟ್ಟು ಓದಿ ಪಾಸಾದವಳು ನಾನು. ಪಕ್ಕದಲ್ಲಿ ಕೂತ ನನ್ನಪ್ಪ ಫೇಲಾಗುವುದನ್ನು ಸುಮ್ಮನೆ ನೋಡುವ ಶಕ್ತಿ ನನಗಿರಲಿಲ್ಲ. ಮಗನೋ ಮಗಳೋ ಪಕ್ಕದಲ್ಲಿದ್ದರೆ ಎಲ್ಲರೂ ಹೀಗೇ ಮಾಡುತ್ತಾರೆ, ಅದಕ್ಕೇ ಕಾಯಿಲೆ ತಡವಾಗಿ ತಿಳಿಯುತ್ತದೆ ಎಂದು ಹೇಳಿ ಅವರು ನನ್ನನ್ನು ಬಾಗಿಲ ಹತ್ತಿರದ ಕುರ್ಚಿಗೆ ಕಳಿಸಿದರು. ಉಳಿದದ್ದನ್ನು ತಾವೇ ಮರಾಠಿಯಲ್ಲಿ ನಿಧಾನವಾಗಿ ಕೇಳಿದರು.

“ಸೋಮವಾರವೇ ಇರಬೇಕು” ಎಂದ ಅಪ್ಪ ಅವರಿಗೆ. “ಬೆಳಿಗ್ಗೆ ಗಾಡಿಯಲ್ಲಿ ಎಲ್ಲರ ಮುಖ ಹೆಣ್ಣು ಕೊಟ್ಟ ಮಾವನ ಹಾಗೆ ಇತ್ತು.”

ಡಾಕ್ಟರು ಗಟ್ಟಿಯಾಗಿ ನಕ್ಕು ಅದಕ್ಕೆ ಅಂಕ ಕೊಟ್ಟರು. ಓದು ಬರಹ ಬಾರದವರಿಗೆ ಗಡಿಯಾರ ಬರೆಸುವುದು, ಅಕ್ಷರ ಹಿಂದುಮುಂದಾಗಿ ಹೇಳಿಸುವುದು ಅನ್ಯಾಯ ಎಂದು ಅವನ್ನೆಲ್ಲ ಬಿಟ್ಟರು. ಮೇಜಿನ ಮೇಲೆ ನಿಜವಾದ ವಸ್ತುಗಳನ್ನೇ ಇಟ್ಟರು: ಬೀಗ, ಬಾಚಣಿಗೆ, ಚಮಚ, ದಾರದ ಉಂಡೆ, ಬಳೆ. ಅಪ್ಪ ಒಂದೊಂದನ್ನೂ ಮುಟ್ಟಿ ಹೆಸರು ಹೇಳಿದ. ಆಮೇಲೆ ಅವನ್ನು ಒಳಗಿಟ್ಟು ಬೇರೆ ಮಾತು ತೆಗೆದರು. ಕಲ್ಯಾಣದಿಂದ ಠಾಣೆಯವರೆಗಿನ ಸ್ಟೇಷನ್ನುಗಳನ್ನು ಹೇಳಿ ಕಾಕಾ ಎಂದರು. ಅಪ್ಪ ನೆಟ್ಟಗೆ ಕೂತು ಹೇಳಿದ: “ಕಲ್ಯಾಣ, ಠಾಕುರ್ಲಿ, ಡೋಂಬಿವಲಿ, ದಿವಾ, ಮುಂಬ್ರಾ, ಕಳವಾ, ಠಾಣೆ.”

ಡೋಂಬಿವಲಿ, ದಿವಾಗಳ ನಡುವೆ ಕೋಪರ್ ಬಿಟ್ಟುಹೋಗಿತ್ತು. ಅದು ಮುಂದೆ ಕಟ್ಟಿದ ಸ್ಟೇಷನ್ನು. ಅಪ್ಪ ಜನರನ್ನು ಕರೆಯಲು ಓಡಾಡುತ್ತಿದ್ದ ಕಾಲದಲ್ಲಿ ಇರಲೇ ಇಲ್ಲ. ನನಗೆ ಆಗ ನಮ್ಮ ಖೋಲಿ ಕಣ್ಣ ಮುಂದೆ ಬಂತು, ಕಿಟಕಿಯ ಹೊರಗೆ ಖಾಡಿಯ ಹಿನ್ನೀರಿನ ಉಪ್ಪುಗಾಳಿ, ಗಾರೆ ಮೆತ್ತಿದ ಅಂಗಿಯಲ್ಲಿ ಅಪ್ಪ ಹೊಸಬನೊಬ್ಬನನ್ನು ಎದುರಿಗೆ ಕೂರಿಸಿಕೊಂಡು ಇದೇ ಹೆಸರುಗಳನ್ನು ಇದೇ ರಾಗದಲ್ಲಿ ಬಾಯಿಪಾಠ ಮಾಡಿಸುತ್ತಿದ್ದದ್ದು. ತಪ್ಪಿದರೆ ಮತ್ತೆ ಕಲ್ಯಾಣದಿಂದ. ನನ್ನ ಮೊದಲ ಪಾಠವೂ ಅದೇ ಇರಬೇಕು. ಅಆಇಈಗಿಂತ ಮುಂಚೆ ನನಗೆ ಠಾಕುರ್ಲಿ ಗೊತ್ತಿತ್ತು.

“ಈಗ ಹೇಳಿ ಕಾಕಾ, ಮೇಜಿನ ಮೇಲೆ ಏನೇನಿತ್ತು?”

“ಬೀಗ.” ಅಪ್ಪ ಮೇಜಿನ ಬರಿಮೈಯನ್ನು ಕೈಯಿಂದ ಸವರಿದ, ಗೋಡೆಯ ನುಣುಪು ನೋಡುವಂತೆ. “ಬೀಗ... ಚಮಚ.” ತಲೆಗೂದಲಿಗೆ ಬೇಕಾಗುವಂಥದ್ದು ಏನೋ ಇತ್ತಲ್ಲ ಎಂದು ಡಾಕ್ಟರು ಸುಳಿವು ಕೊಟ್ಟರು. “ಎಣ್ಣೆ?” ಎಂದ ಅಪ್ಪ. ನಾನು ಕಿಟಕಿಯ ಹೊರಗೆ ನೋಡಿದೆ.

ಆಮೇಲೆ ಅವ್ವನ ಸರದಿ. ಡಾಕ್ಟರು ಕೇಳಿದ್ದು ಒಂದೇ: ಬೇರೆ ಯಾರ ಜೊತೆಯೂ ಹೋಲಿಸಬೇಡಿ, ಮೊದಲಿನ ಅವರ ಜೊತೆ ಈಗಿನ ಅವರನ್ನು ಹೋಲಿಸಿ ಹೇಳಿ. ಅವ್ವ ತಮ್ಮನ ಬದಲು ಬೇರೆಯವನು ಬಂದ ಕತೆ ಹೇಳಿದಳು. ನಾನು ಅದನ್ನು ಮರಾಠಿಯಲ್ಲಿ ಹೇಳುತ್ತ, ಅಪ್ಪನ ಉದಾರ ಸ್ವಭಾವವನ್ನೂ ಸೇರಿಸಿದೆ. ಡಾಕ್ಟರು ಈ ಸಲ ನಗಲಿಲ್ಲ. ಅಪ್ಪನ ಕಡೆ ತಿರುಗಿ, “ಕಾಕಾ, ಆ ದಿನ ಏನಾಯಿತು? ಮುಖ ಗುರುತು ಸಿಗಲಿಲ್ಲವೆ?” ಎಂದು ಕೇಳಿದರು.

ಅಪ್ಪ ನನ್ನನ್ನು ನೋಡಿ ಕನ್ನಡದಲ್ಲೇ ಹೇಳಿದ. “ಹೇಳು ಇವರಿಗೆ. ಮಾರಿ ಮರೀಲಿಲ್ಲ. ನಿಮ್ಮವ್ವನ ತಮ್ಮ ಎದುರಿಗೆ ಬಂದಿದ್ರ ಗುರ್ತ ಹಿಡೀತಿದ್ದೆ. ಅಲ್ಲಿ ಹೋಗಿ ನಿಂತ ಮ್ಯಾಲ, ಯಾರನ್ನ ಕರ್ಯಾಕ ಬಂದೀನಿ ಅನ್ನೂದಽ ಹಾರಿ ಹೋತು. ಗಾಡಿ ಬಂತು, ಮಂದಿ ಇಳೀತು. ಯಾರನ್ನ? ಯಾರನ್ನ? ತಲಿಯಾಗ ಏನೂ ಇಲ್ಲ. ಈ ಮನಷ್ಯಾ ಒಬ್ಬ ನಿಂತಿದ್ದ, ನಮ್ಮ ಕಡೀಂವ. ಇವನಽ ಇರಬೇಕು ಅಂದ್ಕೊಂಡೆ.”

“ಮನೆಗೆ ಫೋನ್ ಮಾಡಿ ಕೇಳಬಹುದಿತ್ತಲ್ಲಪ್ಪಾ?”

“ಏನಂತ ಕೇಳ್ಲಿ? ಯಾರನ್ನ ಕರ್ಕೊಂಡ ಬರ್ಲಿ ಅಂತ? ಹೋದಾಂವ ಬರಿಗೈಲೆ ಹೆಂಗ ಬರ್ಲಿ ನಾನು?”

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾವು ಮನೆತುಂಬ ನಕ್ಕ ಆ ಸಂಜೆ ಅಪ್ಪನೂ ನಮ್ಮ ಜೊತೆ ನಕ್ಕಿದ್ದ. ನಾನು ಆ ಮಾತುಗಳನ್ನು ಮರಾಠಿಗೆ ತಂದೆ. ಏನನ್ನೂ ಸೇರಿಸಲಿಲ್ಲ.

ರಕ್ತ ಪರೀಕ್ಷೆ, ಕಿವಿಯ ಪರೀಕ್ಷೆ, ತಲೆಯ ಸ್ಕ್ಯಾನು ಎಲ್ಲ ಆದ ಮೇಲೆ ಮತ್ತೆ ಕರೆದರು. ಬಿ-ಟ್ವೆಲ್ವ್ ಕಡಿಮೆ ಇದೆ, ಅದಕ್ಕೆ ಇಂಜೆಕ್ಷನ್. ಜೀವಮಾನವಿಡೀ ಯಂತ್ರಗಳ ಸದ್ದಿನಲ್ಲಿ ದುಡಿದು ಬಲಗಿವಿ ಮಂದವಾಗಿದೆ, ಕೇಳಿಸದೆ ಹೋದದ್ದೂ ಎಷ್ಟೋ ಸಲ ಮರೆತಂತೆ ಕಾಣುತ್ತದೆ, ಅದಕ್ಕೆ ಕಿವಿಯ ಯಂತ್ರ. ಇವೆರಡನ್ನು ಬದಿಗಿಟ್ಟರೂ ನೆನಪಿನಲ್ಲಿ ವಯಸ್ಸಿಗೆ ಮೀರಿದ ಕೊರತೆ ಇದೆ. ಆದರೆ ತಮ್ಮ ದಿನದ ಕೆಲಸ ತಾವೇ ಮಾಡಿಕೊಳ್ಳುತ್ತಾರೆ, ತಮಗೇನಾಗುತ್ತಿದೆ ಎಂದು ತಮಗೇ ತಿಳಿದಿದೆ. ಇದಕ್ಕೆ ಮೈಲ್ಡ್ ಕಾಗ್ನಿಟಿವ್ ಇಂಪೇರ್ಮೆಂಟ್ ಎನ್ನುತ್ತಾರೆ, ಇದು ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಅಲ್ಲ, ಎಂದು ಡಾಕ್ಟರು ಹೇಳಿದರು. ಕೆಲವರಲ್ಲಿ ಇದು ಮುಂದೆ ಹೋಗುತ್ತದೆ, ಕೆಲವರಲ್ಲಿ ಹೀಗೇ ನಿಲ್ಲುತ್ತದೆ, ಕೆಲವರು ಸುಧಾರಿಸುತ್ತಾರೆ. ಆರು ತಿಂಗಳಿಗೊಮ್ಮೆ ಬಂದು ತೋರಿಸಿ. ಇವತ್ತೇ ಭವಿಷ್ಯ ಹೇಳಿ ಎಂದರೆ ನನಗೆ ಬರುವುದಿಲ್ಲ.

ಮೂರು ಭಾಷೆಯಲ್ಲಿ ಓದಿದವಳು ನಾನು, ಆ ಹೆಸರನ್ನು ಅಪ್ಪನಿಗೆ ಹೇಳಲು ನನ್ನ ಹತ್ತಿರ ಶಬ್ದ ಇರಲಿಲ್ಲ. “ನೆನಪು ಒಂದೀಟು ಸಡ್ಲ ಆಗೇತಂತಪ್ಪಾ. ಬುದ್ಧಿ ಗಟ್ಟಿ ಐತಂತ” ಎಂದೆ.

ಅಪ್ಪ ಯೋಚಿಸಿದ. “ಗಿಲಾವ ಬಿಟಗೊಂಡೇತಿ, ಗ್ವಾಡಿ ಗಟ್ಟಿ ಐತಿ ಅನ್ನು.”

ನಾನು ಅದನ್ನು ಡಾಕ್ಟರಿಗೆ ಹೇಳಿದೆ. ಇನ್ನು ಮುಂದೆ ಎಲ್ಲರಿಗೂ ಹೀಗೇ ಹೇಳುತ್ತೇನೆ ಎಂದರು ಅವರು.

ಹೊರಡುವ ಮೊದಲು ನಾನು ಅತ್ತೆಯ ವಿಷಯ ಕೇಳಿದೆ. ಡಾಕ್ಟರು ಅಪ್ಪನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು: ಮಾಡುತ್ತ ಬಂದ ಕೆಲಸವನ್ನು ಬಿಡಿಸಬೇಡಿ, ಮನೆಯಲ್ಲಿ ಕೂರಿಸಿದರೆ ಇದ್ದದ್ದೂ ಹೋಗುತ್ತದೆ. ಆದರೆ ಕಣ್ಣು ಕಾಣದ ಹೆಂಗಸಿನ ಮೇಲೆ ಪ್ರಯೋಗವೂ ಬೇಡ. ಹೇಗೆ ಮಾಡುತ್ತೀರಿ ಎಂದು ಮೂವರೂ ಕೂತು ಮಾತಾಡಿ.

ಕೂತು ಮಾತಾಡಿದರೆ ಜಗಳವಾಯಿತು. ಅವ್ವ, “ಮಗಳು ರಜಾ ಹಾಕಿ ಹೋಗ್ತಾಳ, ನೀನು ಮನ್ಯಾಗ ಹಾದಿ ನೋಡು” ಎಂದಳು.

“ನಮ್ಮಕ್ಕನ್ನ ಕರ್ಯಾಕ ನಾನು ಹೋಗದ ಮತ್ಯಾರು ಹೋಗ್ತಾರ?”

“ನನ್ನ ತಮ್ಮನ ನಸೀಬ ಛಲೋ ಇತ್ತು, ಅಂವಗ ಕಣ್ಣು ಕಾಣ್ತಾವ. ನಿಮ್ಮಕ್ಕಗ?”

ಅಪ್ಪ ಬಾಲ್ಕನಿಗೆ ಹೋಗಿ ನಿಂತ. ಮೊಮ್ಮಗಳು ಹೋಗಿ “ಆಜೋಬಾ, ಖಾನಾ ಖಾ ಲೋ” ಎಂದು ಊಟಕ್ಕೆ ಕರೆದರೂ ಬರಲಿಲ್ಲ. ಎರಡು ದಿನ ನಮ್ಮ ಮನೆಯಲ್ಲಿ ಚಹಾದ ಲೋಟ ಇಡುವ ಸದ್ದು ಮಾತ್ರ. ನಾನು ರಜೆ ಹಾಕಿದ್ದೆ; ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಅತ್ತೆ ಬರುವ ದಿನ ಬೆಳಿಗ್ಗೆ ಅಪ್ಪ ಗಡ್ಡ ಕೆರೆದುಕೊಂಡು, ಧೋತರ ಉಟ್ಟು, ಕಿವಿಯಲ್ಲಿ ಹೊಸ ಯಂತ್ರ ಸಿಕ್ಕಿಸಿಕೊಂಡು ನನ್ನೆದುರು ನಿಂತ. “ನಡಿ. ನೀನೂ ಬಾ. ಮಂದಿ ಮಾರಿ ನೀ ನೋಡು, ಮಾತು ನಾ ಆಡ್ತೀನಿ. ಹಾದ್ಯಾಗ ನನ್ನ ಕೇಳ್ಕೋತ ಇರು.”

“ಏನು ಕೇಳ್ಲಿ?”

“ಯಾರನ್ನ ಕರ್ಯಾಕ ಹೊಂಟೀವಿ ಅಂತ.”

ಅವ್ವ ಅವನ ಕಿಸೆಗೆ ಕರವಸ್ತ್ರ ತುರುಕಿದಳು.

ಡೋಂಬಿವಲಿಯಲ್ಲಿ ಗಾಡಿ ಹತ್ತಿದಾಗ ಕೇಳಿದೆ, ಯಾರನ್ನ ಕರ್ಯಾಕ? “ಅಕ್ಕನ್ನ.” ಠಾಕುರ್ಲಿಯಲ್ಲಿ ಕೇಳಿದೆ. “ಅಕ್ಕನ್ನ.” ಗಾಡಿ ಸಿಗ್ನಲ್ಲಿಗೆ ನಿಂತಾಗ ಕೇಳಿದೆ. “ಅಕ್ಕನ್ನವ್ವಾ!” ಕಲ್ಯಾಣದಲ್ಲಿ ಇಳಿದು ಸೇತುವೆ ಹತ್ತುವಾಗ ಮತ್ತೆ ಕೇಳಿದ್ದಕ್ಕೆ ನಿಂತು ನನ್ನನ್ನು ನೋಡಿದ. “ಏಸ ಸಲ ಕೇಳ್ತಿ? ನಿನಗ ಮರವು ಹತ್ತೇತೇನು? ಡಾಕ್ಟರ್ನಿಗೆ ನಿನ್ನ ತೋರಸ್ಬೇಕು ಮೊದಲ.” ಪಕ್ಕದಲ್ಲಿ ಹತ್ತುತ್ತಿದ್ದ ಹೆಂಗಸು ನಕ್ಕಳು, ಕನ್ನಡದವಳೇ ಇರಬೇಕು.

ಪ್ಲಾಟ್‌ಫಾರ್ಮಿಗೆ ಇಳಿದ ಕೂಡಲೇ ಅಪ್ಪ ಬಿರಬಿರನೆ ಹಿಂದಿನ ತುದಿಗೆ ನಡೆಯತೊಡಗಿದ. ಅವನ ಕಾಲದಲ್ಲಿ ನಮ್ಮ ಮಂದಿ ಬರುತ್ತಿದ್ದ ಜನರಲ್ ಡಬ್ಬಿ ನಿಲ್ಲುತ್ತಿದ್ದದ್ದು ಅಲ್ಲಿ. ಅತ್ತೆ ಈ ಸಲ ಸ್ಲೀಪರಿನಲ್ಲಿ, ಮುಂದಿನ ಕಡೆ. ನಾನು ಹಿಂದೆ ಓಡಿ ಅವನ ತೋಳು ಮುಟ್ಟಿದೆ. “ಅಪ್ಪಾ, ಡಬ್ಬಿ ಈ ಕಡೆ.”

ಅಪ್ಪ ನಿಂತ. ತಾನು ಹೊರಟಿದ್ದ ಕಡೆ ನೋಡಿದ, ನಾನು ತೋರಿಸಿದ ಕಡೆ ನೋಡಿದ. ಜೀವನದಲ್ಲಿ ಯಾರೂ ಕಲ್ಯಾಣ ಸ್ಟೇಷನ್ನಿನಲ್ಲಿ ಅವನಿಗೆ ದಾರಿ ಹೇಳಿದ್ದಿಲ್ಲ. ತಿರುಗಿ ನನ್ನ ಜೊತೆ ನಡೆದ.

ಗಾಡಿ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದಳು, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಗಂಟು. ನಾನು ಬೆರಳು ಮಾಡುವ ಮೊದಲೇ ಅಪ್ಪ ಮುಂದೆ ಹೋಗಿ ಅವಳ ಕಂಕುಳಿಗೆ ಕೈಕೊಟ್ಟು ಇಳಿಸಿಕೊಂಡ.

“ಯಾರಪಾ?” ಅತ್ತೆ ಮುಖ ಎತ್ತಿ ಕಣ್ಣು ಕಿರಿದು ಮಾಡಿದಳು.

“ನಾನ ಅಕ್ಕಾ.”

ಅವಳು ಅವನ ಗಲ್ಲ ಮುಟ್ಟಿ ನೋಡಿದಳು. “ನೀ ಬರೂದಿಲ್ಲ, ನಿನಗ ಆರಾಮಿಲ್ಲ ಅಂದ್ರು ಊರಾಗ. ಬಂದ್ಯಲ್ಲ.”

“ಮಂದಿ ಮಾತು ಕೇಳಬ್ಯಾಡ. ಹೊಟ್ಟಿಗೆ ಏನರೆ ತಿಂದಿಯಿಲ್ಲ? ಮೆಟ್ಟಲು ಅದಾವು, ನನ್ನ ಹೆಗಲ ಹಿಡಿ.”

ಇಬ್ಬರೂ ಸೇತುವೆಯ ಕಡೆ ನಿಧಾನ ನಡೆದರು. ನಾನು ಗಂಟು ಹಿಡಿದು ಒಂದು ಹೆಜ್ಜೆ ಹಿಂದೆ. ಮೆಟ್ಟಿಲ ಬುಡದಲ್ಲಿ ಒಬ್ಬ ಮನುಷ್ಯ, ಹೆಂಡತಿ ಮತ್ತು ಅವಳ ಕಂಕುಳ ಕೂಸಿನ ಜೊತೆ, ಬಕೆಟ್ಟಿನಲ್ಲಿ ಪಾತ್ರೆ ತುಂಬಿಕೊಂಡು ನಿಂತಿದ್ದ. ಅಪ್ಪನ ಧೋತರ ನೋಡಿ ಅವನಿಗೆ ಧೈರ್ಯ ಬಂದಿರಬೇಕು. “ಕಾಕಾ, ಫೋನ ಆರಿ ಹೋಗೇತ್ರೀ. ಮುಂಬ್ರಾಕ ಹೋಗಾಕ ಯಾವ ಗಾಡಿ ಹಿಡೀಬೇಕು?”

“ಮೊದಲ ಹೇಳು, ಯಾವ ಊರು?” ಎಂದ ಅಪ್ಪ. ಅವನು ಊರು ಹೇಳಿದ. ಅಪ್ಪನಿಗೆ ಅಲ್ಲಿ ಬೀಗರಿದ್ದರು. ಅದನ್ನೆಲ್ಲ ಮಾತಾಡಿ, “ಸ್ಲೋ ಗಾಡಿ ಹಿಡಿ. ಫಾಸ್ಟ್ ಅಲ್ಲಿ ನಿಂದ್ರೂದಿಲ್ಲ. ಮ್ಯಾಲೆ ಹತ್ತಿ...” ಎಂದವನು ಕೈ ಎತ್ತಿದ. ಎತ್ತಿದ ಕೈ ಅರ್ಧಕ್ಕೆ ನಿಂತಿತು. ಅಪ್ಪ ಕತ್ತು ತಿರುಗಿಸಿ ನನ್ನ ಕಡೆ ನೋಡಿದ.

ನಾನು ಎಡಗಡೆಗೆ ಕಣ್ಣು ಹೊರಳಿಸಿದೆ.

“...ಎಡಕ್ಕ ಹೊಳ್ಳು” ಎಂದ ಅಪ್ಪ. “ಬಾ, ನಾವೂ ಅದಽ ಕಡಿಗೆ ಹೊಂಟೀವಿ. ಕೂಸಿನ್ನ ಈಕಿ ಕೈಯಾಗ ಕೊಡು, ನನ್ನ ಮಗಳು. ಡಿಗ್ರಿ ಕಲತಾಳ.”